ಬಸ್ಸಿನ ಒಂದು ಸೀಟಿಗಾಗಿ

ನನ್ನ ಗಂಡ ಸತ್ತದ್ದು ಬಸ್ಸಿನ ಒಂದು ಸೀಟಿಗಾಗಿ. ಹೀಗೆ ಹೇಳಿದರೆ ಕೇಳಿದವರು ಇನ್ನೇನೋ ಇರಬೇಕೆಂದು ನನ್ನ ಮುಖವನ್ನೇ ನೋಡುತ್ತಾರೆ. ಹಳೆಯ ಹಗೆಯೋ, ಹೊಲದ ಜಗಳವೋ, ಕುಡಿತವೋ, ಏನಾದರೊಂದು. ಏನೂ ಇರಲಿಲ್ಲ. ಆ ಮನುಷ್ಯನನ್ನು ನಾವು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ.

ನಮ್ಮೂರು ಶಿಗ್ಲಿ. ಊರೊಳಗೆ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ ಬೀಸುವ ಕಲ್ಲು ಒಂದು, ಖಾರ ಕುಟ್ಟುವ ಮಷೀನು ಒಂದು. ನಮ್ಮವರು ಅದನ್ನು ನಡೆಸುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. 'ಮುತ್ಯಾ ಬಂದ' ಎಂದು ಮಗಳು ನಗುತ್ತಿದ್ದಳು. ಮನೆಯಲ್ಲಿ ನಾವು ನಾಲ್ಕೇ ಜನ: ಅವರು, ನಾನು, ಅತ್ತೆ, ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳು. ಅವರು ಜಗಳಗಂಟರಲ್ಲ. ಆದರೆ ಗಿರಣಿಯಲ್ಲಿ ಪಾಳಿ ಮುರಿದು ಯಾರಾದರೂ ತಮ್ಮ ಡಬ್ಬಿ ಮುಂದಿಟ್ಟರೆ, ಅವರು ಎಷ್ಟೇ ದೊಡ್ಡವರಿರಲಿ, ಮಾತಾಡದೆ ಡಬ್ಬಿ ಎತ್ತಿ ಹಿಂದೆ ಇಡುತ್ತಿದ್ದರು. ಪಾಳಿ ಅಂದರೆ ಪಾಳಿ.

ಆಗ ನನಗೆ ಹದಿನೈದು ದಿನದಿಂದ ದವಡೆ ಹಲ್ಲು ನೋಯುತ್ತಿತ್ತು. ಲವಂಗ ಇಟ್ಟುಕೊಂಡೆ, ಮಾತ್ರೆ ನುಂಗಿದೆ, ಕಡಿಮೆಯಾಗಲಿಲ್ಲ. ಒಂದು ದಿನ ಅವರೇ ಹೇಳಿದರು:

'ಸೋಮವಾರ ಗಿರಣಿ ಬಂದ್ ಇಡ್ತೀನಿ. ಗದಗಿಗೆ ಹೋಗಿ ಕಿತ್ತಿಸಿಕೊಂಡು ಬಂದಬಿಡೂಣು. ಎಷ್ಟು ದಿನಾ ಅಂತ ಗಲ್ಲ ಹಿಡ್ಕೊಂಡು ಕುಂಡರ್ತಿ?'

ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲಿ ಗದಗಿನ ಬಸ್ಸಿಗೆ ಕಾದೆವು. ಸೋಮವಾರ ಮುಂಜಾನೆ, ಬಸ್‌ಸ್ಟ್ಯಾಂಡಿನ ತುಂಬ ಜನ. ಬಸ್ಸು ಇನ್ನೂ ತಿರುಗಿ ನಿಲ್ಲುವುದರೊಳಗೆ ಎಲ್ಲರೂ ಓಡಿದರು. ಅವರೂ ಓಡಿ, ಹೆಗಲ ಮೇಲಿನ ವಸ್ತ್ರವನ್ನು ಕಿಟಕಿಯಿಂದ ಒಳಗೆ ಸೀಟಿನ ಮೇಲೆ ಹಾಕಿದರು. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ವಸ್ತ್ರ ಯಾರದೋ ಸೀಟು ಅವರದು.

ನಾವು ಒಳಗೆ ಹೋದಾಗ ಆ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕೂತಿದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಕಿಟಕಿಯ ಪಕ್ಕ ಅವನ ಹೆಂಡತಿ ತಲೆತುಂಬ ಸೆರಗು ಹೊದ್ದು, ನೀರು ಸೋರುತ್ತಿದ್ದ ಒಂದು ಕಣ್ಣನ್ನು ಅರಿವೆಯಿಂದ ಒರೆಸಿಕೊಳ್ಳುತ್ತಿದ್ದಳು. ನಮ್ಮ ವಸ್ತ್ರವನ್ನು ಅವರು ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು.

'ಅಣ್ಣಾರ, ಇಲ್ಲಿ ವಸ್ತ್ರ ಹಾಕೀನ್ರಿ. ಇಕಿಗೆ ಆರಾಮ ಇಲ್ಲ, ಸ್ವಲ್ಪ ಏಳ್ರಿ' ಎಂದರು ನಮ್ಮವರು.

'ವಸ್ತ್ರ ಗದಗಿಗೆ ಹೊಂಟೈತೇನು? ಹೊಂಟಿದ್ರ ಅದನ್ನ ಕುಂಡರ್ಸ್ರಿ' ಎಂದ ಆ ಮನುಷ್ಯ.

ಹಿಂದೆ ಯಾರೋ ನಕ್ಕರು. ಆ ನಗೆ ಬರದಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮವರ ಮುಖ ಕೆಂಪಾಯಿತು. ಅವನ ಅಂಗಿಯನ್ನು ಭುಜದ ಹತ್ತಿರ ಹಿಡಿದು 'ಏಳಂದ್ರ ಏಳು' ಎಂದು ಜಗ್ಗಿದರು. ಹೊಲಿಗೆ ಪರ್ ಎಂದು ಬಿಚ್ಚಿತು.

ನಾನು ಅವರ ಕೈ ಹಿಡಿದೆ. 'ಬಿಡ್ರಿ, ನಿಂತ ಹೋಗೂಣು. ಇಲ್ಲಾ ಮುಂದಿನ ಬಸ್ಸಿಗೆ ಹೋಗೂಣು.' ಅವರು ಬಿಟ್ಟರು. ಬಿಟ್ಟು, ತಿರುಗಿ, ನನ್ನನ್ನು ಮುಂದೆ ಇಳಿಸಿ, ಬಾಗಿಲ ಹತ್ತಿರ ಬಂದರು. ಜಗಳ ಮುಗಿದಿತ್ತು. ಆಗ ಆ ಮನುಷ್ಯ ಎದ್ದು ಬಂದ. 'ಏಯ್' ಎಂದ. ನಮ್ಮವರು ಹೊರಳಿ ನೋಡಿದರು. ಅವನು ಎರಡೂ ಕೈಯಿಂದ ಎದೆಗೆ ನೂಕಿದ.

ಅವರು ಬೆನ್ನಡಿಯಾಗಿ ಕೆಳಗೆ ಬಿದ್ದರು. ತಲೆಯ ಹಿಂಭಾಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಅಂಚಿಗೆ ಬಡಿಯಿತು. ಆ ಸಪ್ಪಳವನ್ನು ನಾನು ಯಾವುದಕ್ಕೂ ಹೋಲಿಸಲಾರೆ. ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಇಳಿದು ಬಂದು, ಬಿದ್ದವರಿಗೆ ಎರಡು ಸಲ ಒದ್ದ. ಒಂದು ಪಕ್ಕೆಲುಬಿಗೆ, ಒಂದು ಭುಜಕ್ಕೆ. ಒದೆಯುವಾಗ ಅವನ ಚಪ್ಪಲಿ ಕಳಚಿಬಿತ್ತು. ಅದನ್ನು ಕಾಲಿನಿಂದಲೇ ಹುಡುಕಿ ಮೆಟ್ಟಿಕೊಂಡ. ಆಮೇಲೆ ಬಸ್ಸು ಹತ್ತಿ ಹೋಗಿ, ಹೆಂಡತಿಯ ಪಕ್ಕ, ಅದೇ ಸೀಟಿನಲ್ಲಿ ಕೂತ.

ನಮ್ಮವರು ಎದ್ದರು. ಖರೆ ಹೇಳುತ್ತೇನೆ, ಎದ್ದು ನಿಂತರು. ಅಂಗಿಯ ಧೂಳು ಝಾಡಿಸಿಕೊಂಡರು. ಎಷ್ಟು ಜನ ನೋಡುತ್ತಿದ್ದಾರೆ ಎಂದು ಒಮ್ಮೆ ಸುತ್ತ ನೋಡಿದರು. ನಾಚಿಕೆಯಾಗಿತ್ತು ಅವರಿಗೆ.

'ಏನೂ ಆಗಿಲ್ಲ. ನೀರು ಕೊಡು' ಎಂದರು. ಬಾಟಲಿ ಕೊಟ್ಟೆ. ಎರಡು ಗುಟುಕು ಕುಡಿದರು. 'ಈ ಬಸ್ ಹೋಗಲಿ. ನಿನ್ನ ಹಲ್ಲು...' ಎಂದರು. ಮುಂದಿನ ಮಾತು ಬರಲಿಲ್ಲ. ಕಟ್ಟೆಯ ಮೇಲೆ ಕೂತರು, ವಾಂತಿ ಮಾಡಿಕೊಂಡರು, ನನ್ನ ಮಡಿಲಿಗೆ ವಾಲಿದರು. ಆಂಬುಲೆನ್ಸ್ ಬಂತು. ಶಿರಹಟ್ಟಿ ದಾಟುವವರೆಗೆ ಉಸಿರು ಜೋರಾಗಿ ಕೇಳುತ್ತಿತ್ತು, ಗೊರಕೆಯ ಹಾಗೆ. ಗದಗಿನ ದವಾಖಾನೆಯಲ್ಲಿ ಡಾಕ್ಟರು ಟಾರ್ಚ್ ಹಾಕಿ ಕಣ್ಣು ನೋಡಿ, ನನ್ನನ್ನು ಕುರ್ಚಿಯ ಮೇಲೆ ಕೂರಿಸಲು ಹೇಳಿದರು. ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು. ಗದಗು ಮುಟ್ಟಲು ನಾವು ಅಂದುಕೊಂಡಿದ್ದ ಹೊತ್ತೂ ಅದೇ.

ಮರುದಿನ ಅವರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಊರೇ ನೆರೆದಿತ್ತು. ನನಗೆ ಅಳು ಬರಲಿಲ್ಲ. ಹಲ್ಲು ನೋಯುತ್ತಿತ್ತು. ಗಂಡನ ಹೆಣದ ಮುಂದೆ ಕೂತು ಹಲ್ಲು ನೋವು ಅನ್ನುವಂತಿಲ್ಲ, ಗಲ್ಲ ಹಿಡಿದುಕೊಳ್ಳುವಂತೆಯೂ ಇಲ್ಲ. ಈ ಹಲ್ಲಿಗಾಗಿ ಅವರು ಅಲ್ಲಿಗೆ ಬಂದಿದ್ದರು, ಅವರು ಹೋದರು, ಇದು ಇನ್ನೂ ಇತ್ತು. ನನ್ನ ಮೈಯ ಮೇಲೆ ನನಗೇ ಹೇಸಿಕೆಯಾಯಿತು.

ಮಾತಾಡಿಸಲು ಬಂದವರು ತಿಳಿದದ್ದು ಹೇಳಿದರು. 'ಹಣೇಬರ' ಎಂದರು. 'ಸೀಟು ಬಿಟ್ಟಬಿಡಬೇಕಿತ್ತು' ಎಂದರು. ಮಗಳು ಮಾತ್ರ ಒಂದೇ ಕೇಳುತ್ತಿದ್ದಳು: 'ಅವ್ವಾ, ಅಂವ ಅಪ್ಪಾಗ ಯಾಕ ಒದ್ದ? ಬಿದ್ದಮ್ಯಾಲ ಯಾಕ ಒದ್ದ?' ನನ್ನಲ್ಲಿ ಉತ್ತರವಿರಲಿಲ್ಲ. ಪೊಲೀಸರಲ್ಲೂ ಇರಲಿಲ್ಲ. ಅವನನ್ನು ಅದೇ ಸೀಟಿನಿಂದ ಎಬ್ಬಿಸಿ ಕರೆದುಕೊಂಡು ಹೋದರಂತೆ. ಓಡಿರಲಿಲ್ಲ. ಕುಡಿದಿರಲಿಲ್ಲ. ಮುಂಡರಗಿಯ ಆಚೆಯ ಒಂದು ಹಳ್ಳಿಯವನು, ಗೋಡೆ ಕಟ್ಟುವ ಗೌಂಡಿ ಕೆಲಸದವನು. ಹೆಂಡತಿಯ ತವರಿಗೆ ಬಂದು, ಅಲ್ಲಿಂದ ಅವಳನ್ನು ಗದಗಿನ ಕಣ್ಣಿನ ದವಾಖಾನೆಗೆ ಕರೆದೊಯ್ಯುತ್ತಿದ್ದ. ಅದಕ್ಕೆ ಮುಂಚೆ ಯಾರ ಮೇಲೂ ಕೈ ಎತ್ತಿದವನಲ್ಲ ಎಂದು ಅವನ ಊರವರು ಹೇಳಿದರು. ಅವನು ದೊಡ್ಡ ಪುಂಡನಾಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ನಾನು ಲಿಂಗಪೂಜೆ ಬಿಟ್ಟೆ. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಸಿದ್ದಿಲ್ಲ. ಈಗ ಅಂಗೈ ಚಾಚಿ ಕೂತರೆ ಆ ಎರಡು ಒದೆ ಕಣ್ಣಿಗೆ ಕಟ್ಟುತ್ತಿತ್ತು. ಅತ್ತೆ ಒಂದು ವಾರ ನೋಡಿದರು. ಎಪ್ಪತ್ತು ದಾಟಿದ ಹೆಂಗಸು, ಒಬ್ಬ ಮಗನನ್ನು ಕಳೆದುಕೊಂಡಾಕೆ, ದಿನಾ ಮುಂಜಾನೆ ಜಳಕ ಮಾಡಿ ಪೂಜೆಗೆ ಕೂರುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು.

'ಯಾಕ ಕುಂಡರವಲ್ಲಿ?' ಎಂದು ಕೇಳಿದರು ಒಂದು ದಿನ.

'ಯಾರ ಮುಂದ ಕುಂಡರ್ಲಿ ಅತ್ತಿ? ಅಂವ ಒದಿಯೋ ಹೊತ್ತಿನ್ಯಾಗ ಇವನೂ ನೋಡಕೋತ ಇದ್ನಲ್ಲ?'

ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತರು. ಆಮೇಲೆ ಹೇಳಿದರು: 'ಸಿಟ್ಟಿದ್ರ ಅವನ ಮುಂದನ ಕುಂತು ಬೈ. ನಾನೂ ದಿನಾ ಬೈತೀನಿ. ಎದ್ದು ಮಾತ್ರ ಹೋಗಬ್ಯಾಡ.'

ಅತ್ತೆ ಪೂಜೆಯಲ್ಲಿ ಬೈಯುತ್ತಿದ್ದಾರೆ ಎಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಆದರೂ ನಾನು ಆಗ ಕೂರಲಿಲ್ಲ.

ಎರಡು ತಿಂಗಳಾಗುತ್ತ ಬಂದಾಗ ನನ್ನ ದವಡೆ ಬಾತು ಬಾಯಿ ತೆರೆಯುವುದೇ ಕಷ್ಟವಾಯಿತು. ಗದಗಿಗೆ ಹೋಗಲೇಬೇಕಾಯಿತು. ಬೇರೆ ಮನೆ ಮಾಡಿಕೊಂಡಿದ್ದ ಮೈದುನ ತನ್ನ ಮೋಟರ್ ಸೈಕಲ್ಲಿನ ಮೇಲೆ ಕರೆದೊಯ್ಯುತ್ತೇನೆ ಎಂದ. ಅತ್ತೆ ಬೇಡವೆಂದರು. 'ಇನ್ನ ಎಷ್ಟು ವರ್ಷ ಆ ಸ್ಟ್ಯಾಂಡ್ ಸುತ್ತಿ ಹೋಗ್ತಾಳ? ಕೋರ್ಟಿಗೂ ಹೋಗಬೇಕು, ಮಗಳನ್ನ ಕಾಲೇಜಿಗೂ ಕಳಸಬೇಕು. ನಾ ಬರ್ತೀನಿ ಜೋಡಿ.'

ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಗದಗಿನ ಬಸ್ಸು ಬಂತು. ಜನ ಓಡಿದರು. ನಾನು ಕಂಬ ಹಿಡಿದುಕೊಂಡು ನಿಂತೆ. ಅದು ಹೋಯಿತು. ಇನ್ನೊಂದು ಬಂದು ಹೋಯಿತು. ಅತ್ತೆ ಅವಸರ ಮಾಡಲಿಲ್ಲ.

'ಎಲ್ಲಿ ಬಿದ್ದ? ತೋರ್ಸು' ಎಂದರು.

ತೋರಿಸಿದೆ. ಅವರು ಬಗ್ಗಿ ಆ ಕಟ್ಟೆಯ ಅಂಚನ್ನು ಕೈಯಿಂದ ಸವರಿದರು, ಮಗುವಿನ ತಲೆ ಸವರಿದ ಹಾಗೆ. ಮೇಲೆ ಯಾರೋ ಎಲೆ ಅಡಿಕೆ ಉಗುಳಿದ್ದರು. ಸೆರಗಿನ ತುದಿಯಿಂದ ಅದನ್ನು ಒರೆಸಿ, ಅಲ್ಲೇ ಕೂತುಬಿಟ್ಟರು. ಗಂಟಲಿನಿಂದ ಒಂದು ದನಿ ಹೊರಟಿತು. ಸಾವಿನ ದಿನವೂ ನಾನು ಅವರಿಂದ ಅಂಥ ದನಿ ಕೇಳಿರಲಿಲ್ಲ. ಜನ ತಿರುಗಿ ನೋಡಿದರು. ನಾನು ಪಕ್ಕದಲ್ಲಿ ಕೂತು ಅವರನ್ನು ಹಿಡಿದುಕೊಂಡೆ, ಆಗ ನನಗೂ ಅಳು ಬಂತು. ಎರಡು ತಿಂಗಳ ಅಳು. ಅದು ನಿಂತ ಮೇಲೆ ಮೂರನೆಯ ಬಸ್ಸಿಗೆ ಇಬ್ಬರೂ ಹತ್ತಿದೆವು, ಗದಗಿನವರೆಗೆ ನಿಂತೇ ಹೋದೆವು. ಹಲ್ಲು ಕಿತ್ತಿಸಿಕೊಂಡು ಬಂದೆ.

ಅದೇ ವಾರ ಗಿರಣಿಯ ಬಾಗಿಲು ತೆಗೆದೆ. ಮೊದಲ ದಿನ ಕಲ್ಲು ತಿರುಗಿಸುವ ಪಟ್ಟಾ ಎರಡು ಸಲ ಜಾರಿತು, ಜೋಳದ ಹಿಟ್ಟು ತರಿತರಿ ಬಂತು. ಡಬ್ಬಿ ಹಿಡಿದು ನಿಂತ ಹೆಂಗಸರು ಏನೂ ಅನ್ನಲಿಲ್ಲ. 'ಮತ್ತೊಮ್ಮಿ ಹಾಕ್ರಿ, ಆತು' ಎಂದು ಕಾದರು. ಪಾಳಿ ಯಾರೂ ಮುರಿಯಲಿಲ್ಲ.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು. ನಾನೇ ಮುಖ್ಯ ಸಾಕ್ಷಿ. ಅದಕ್ಕೆ ಮೊದಲು ಆ ಮನುಷ್ಯನ ಕಡೆಯ ಹಿರಿಯರಿಬ್ಬರು ನಮ್ಮ ಮನೆಗೆ ಬಂದು, ಚಹಾ ಮುಟ್ಟದೆ ಕೂತು ಕೇಳಿದರು: 'ತಂಗೀ, ನೂಕಿದ್ದು ಹೇಳವ್ವಾ, ಬ್ಯಾಡ ಅನ್ನೂದಿಲ್ಲ. ಒದ್ದದ್ದೊಂದು ಬಿಡು.' ಅವರು ಹೋದ ಮೇಲೆ ಮೈದುನ ಹೇಳಿದ: 'ವೈನಿ, ಅಣ್ಣ ಅಂಗಿ ಹಿಡದಿದ್ದು ಹೇಳಬ್ಯಾಡ್ರಿ. ಕೇಸ್ ಸಡ್ಲ ಆಗ್ತೈತಿ.' ಆ ಕಡೆಯವರಿಗೆ ಒಂದು ಮಾತು ಬೇಡ, ಈ ಕಡೆಯವರಿಗೆ ಇನ್ನೊಂದು ಬೇಡ.

ಅತ್ತೆಯನ್ನು ಕೇಳಿದೆ. ಅವರು ಮೊರದಲ್ಲಿ ಜೋಳ ಕೇರುತ್ತಿದ್ದರು. ಕೈ ನಿಲ್ಲಿಸಲಿಲ್ಲ.

'ನೋಡಿದ್ದು ಹೇಳು. ಸುಳ್ಳು ಹೇಳಿ ನನ್ನ ಮಗನ್ನ ಛಲೋ ಮಾಡೂದು ಬ್ಯಾಡ. ಅಂವ ಇದ್ದಂಗನ ಛಲೋ ಇದ್ದ.'

ಗದಗಿನ ಕೋರ್ಟಿನಲ್ಲಿ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಸರಕಾರಿ ವಕೀಲರನ್ನು ಕಾಣಲು ಹೋದೆ. ತಿರುಗಿ ಬಂದಾಗ ಅತ್ತೆಯ ಪಕ್ಕದಲ್ಲಿ ಒಬ್ಬ ಹೆಂಗಸು ಕೂತು ಮಾತಾಡುತ್ತಿದ್ದಳು. ತಲೆತುಂಬ ಸೆರಗು, ಕೈಯಲ್ಲಿ ಕಣ್ಣೊರೆಸುವ ಅರಿವೆ. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಅವಳೇ. ಈಗ ಅವಳ ಎರಡು ಕಣ್ಣಿನ ಮೇಲೂ ಪೊರೆ ಬೆಳ್ಳಗೆ ಕಾಣುತ್ತಿತ್ತು. ಪಕ್ಕದಲ್ಲಿ ಯಾರಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ.

'ನಮ್ಮವರು ಒಬ್ಬರನ್ನ ಕೊಂದಾರ್ರಿ ಯಕ್ಕಾ' ಎನ್ನುತ್ತಿದ್ದಳು. 'ನಾ ಬಾಜೂಕ ಕುಂತಿದ್ದೆ. ಬ್ಯಾಡ್ರಿ ಅಂತ ಒಂದು ಮಾತು ಅನ್ನಲಿಲ್ಲ ನಾನು. ಇಷ್ಟು ಸಣ್ಣ ಜಗಳ, ಏನಾಗ್ತೈತಿ ಅನಕೊಂಡೆ. ಪಾಪ, ಆ ಮನಷ್ಯಾಗ ಹೆಂಡ್ತಿ, ಮಗಳು ಅದಾರಂತ. ತಾಯೀನೂ ಅದಾಳಂತ. ಆ ತಾಯಿ ಹೆಂಗ ಅನ್ನ ಉಣ್ತಾಳೋ ಅಂತ ನಾ ಉಣ್ಣೋಮುಂದ ದಿನಾ ನೆನಸ್ತೀನ್ರಿ.'

ಅತ್ತೆ ಅಲುಗಾಡದೆ ಕೇಳುತ್ತಿದ್ದರು.

'ನಿಮ್ಮ ಕಣ್ಣಿಗೆ ಏನಾಗೈತಿ?' ಎಂದು ಕೇಳಿದರು.

'ಪೊರಿ ರೀ. ಆವತ್ತು ಅದಕ್ಕ ಹೊಂಟಿದ್ವಿ. ಆಮ್ಯಾಲ ಅವರು ಒಳಗಿದ್ರು, ಯಾರು ಕರಕೊಂಡು ಹೋಗಬೇಕು? ನನಗೂ ಮನಸ್ಸಾಗಲಿಲ್ಲ. ಇರಲಿ ಬಿಡು, ಇದು ನನಗ ಆಗೂದು ಬರೋಬರಿ ಐತಿ ಅನಿಸ್ತು. ನೀವು ಯಾವ ಕೇಸಿಗೆ ಬಂದೀರಿ ಯಕ್ಕಾ?'

ನಾನು ಮುಂದೆ ಹೋಗಿ ಅತ್ತೆಯನ್ನು ಎಬ್ಬಿಸಬೇಕೆಂದುಕೊಂಡೆ.

'ನಿಮ್ಮ ಕೇಸಿಗೇ ಬಂದೀನವ್ವಾ' ಎಂದರು ಅತ್ತೆ. 'ಆ ತಾಯಿ ನಾನ.'

ಆ ಹೆಂಗಸು ಬೆಂಚಿನಿಂದ ಜಾರಿ ನೆಲಕ್ಕೆ ಬಂದು, ಕೈಯಿಂದ ತಡವಿ ತಡವಿ ಅತ್ತೆಯ ಪಾದ ಹುಡುಕತೊಡಗಿದಳು. ಅತ್ತೆ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು.

'ಕಾಲು ಹಿಡಿಬ್ಯಾಡ. ನೀ ಏನ್ ಮಾಡೀದಿ? ಮ್ಯಾಲೇಳು. ಉಣ್ತೀನಿ ನಾನು. ರೊಟ್ಟಿ ಉಣ್ತೀನಿ. ಉಣಲಾರದ ಬದಕಾಕ ಬರ್ತೈತೇನು?'

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಕಟಕಟೆಯಲ್ಲಿ ನಿಂತು ನಾನು ನೋಡಿದ್ದನ್ನೆಲ್ಲ ಹೇಳಿದೆ. ವಸ್ತ್ರ ಹಾಕಿದ್ದು, ಯಾರೋ ನಕ್ಕದ್ದು, ನಮ್ಮವರು ಅಂಗಿ ಜಗ್ಗಿದ್ದು, ಅದು ಹರಿದದ್ದು. ಅವನು ನೂಕಿದ್ದು. ಆಮೇಲೆ ಇಳಿದು ಬಂದು ಎರಡು ಸಲ ಒದ್ದದ್ದು. ಮೈದುನ ತಲೆ ತಗ್ಗಿಸಿದ. ಆ ಮನುಷ್ಯನೂ ತಲೆ ತಗ್ಗಿಸಿದ. ಆವತ್ತೇ ನಾನು ಅವನನ್ನು ನೆಟ್ಟಗೆ ನೋಡಿದ್ದು. ಜಾಮೀನಿನ ಮೇಲಿದ್ದ, ಕೆಲಸದಿಂದಲೇ ಬಂದಿರಬೇಕು. ಉಗುರಿನ ಸುತ್ತ ಸಿಮೆಂಟು ಒಣಗಿತ್ತು. ನಮ್ಮ ಗಿರಣಿಗೆ ಡಬ್ಬಿ ಹಿಡಿದು ಬರುವ ಯಾವ ಗಂಡಸಿಗೂ ಅವನಿಗೂ ವ್ಯತ್ಯಾಸವಿರಲಿಲ್ಲ. ನನಗೆ ಭಯವಾಯಿತು.

ಹೊರಗೆ ಬಾಗಿಲ ಹತ್ತಿರ ಅವನು ಕೈ ಮುಗಿದು ನಿಂತ. 'ಯವ್ವಾ, ನಾ ಯಾಕ ಇಳದು ಬಂದೆ, ಯಾಕ ಒದ್ದೆ, ನನಗ ಇನ್ನೂ ತಿಳಿವಲ್ದು. ದಿನಾ ಕೇಳ್ಕೋತೀನಿ. ತಿಳಿವಲ್ದು.' ಮಗಳು ಕೇಳುತ್ತಿದ್ದ ಪ್ರಶ್ನೆಗೆ ಒದ್ದವನಲ್ಲಿಯೂ ಉತ್ತರವಿರಲಿಲ್ಲ ಎಂಬುದು ಆವತ್ತು ತಿಳಿದು ನನಗೆ ಸಿಡಿಲು ಬಡಿದಂತಾಯಿತು.

ಅವನಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದ. ಅದರಿಂದ ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೆಲವು ತಿಂಗಳ ಮೇಲೆ, ಖಾರ ಕುಟ್ಟಿ ಸೀನುತ್ತ ನಾನು ಮನೆಗೆ ಬಂದಾಗ, ಅತ್ತೆ ಹೇಳಿದರು: 'ಆ ಹೆಣ್ಣಮಗಳ ಕಣ್ಣು ಏನಾತೋ ಏನೋ.'

ನನಗೆ ರೇಗಿತು. 'ನಿಮ್ಮ ಮಗನ್ನ ಕೊಂದವನ ಹೆಂಡ್ತಿ ಕಣ್ಣು ತೊಗೊಂಡು ನಿಮಗೇನಾಗಬೇಕು?'

'ಆ ದಿನಾ ಒಂದು ಜೀವ ತೊಗೊಂಡು ಹೋತು. ಮತ್ತ ಎರಡು ಕಣ್ಣನೂ ಯಾಕ ತೊಗೊಂಡು ಹೋಗಬೇಕು?'

ನಾನು ನಾಲ್ಕು ದಿನ ಅತ್ತೆಯ ಜೊತೆ ಮಾತು ಬಿಟ್ಟೆ. ಐದನೆಯ ದಿನ ಮುಂಜಾನೆ, ಯಾಕೆಂದು ಗೊತ್ತಿಲ್ಲ, ಜಳಕ ಮಾಡಿ ಪೂಜೆಗೆ ಕೂತೆ. ಬೈಯಲೆಂದೇ ಕೂತದ್ದು. ಬಾಯಿಗೆ ಬಂದದ್ದೆಲ್ಲ ಬೈದೆ. ಹಲ್ಲಿನಿಂದ ಹಿಡಿದು ಒದೆಯವರೆಗೆ ಎಲ್ಲ ಕೇಳಿದೆ. ಉತ್ತರ ಬರಲಿಲ್ಲ. ಆದರೆ ಕೇಳಿಸಿಕೊಳ್ಳಲು ಯಾರೂ ಇಲ್ಲ ಎಂದೂ ಅನಿಸಲಿಲ್ಲ. ಇಷ್ಟೇ ನಾನು ಹೇಳಬಲ್ಲೆ. ಆವತ್ತಿನಿಂದ ದಿನಾ ಕೂರುತ್ತೇನೆ. ಕೆಲವು ದಿನ ಬೈಯುತ್ತೇನೆ, ಕೆಲವು ದಿನ ಸುಮ್ಮನೆ ಕೂರುತ್ತೇನೆ.

ಆ ತಿಂಗಳಲ್ಲೇ ಅತ್ತೆಗೆ ಹೇಳಿ ಮುಂಡರಗಿಗೆ ಹೋದೆ, ಒಬ್ಬಳೇ. ಅಲ್ಲಿಂದ ಟಂಟಂ ಹಿಡಿದು ಅವರ ಹಳ್ಳಿಗೆ. ಅವಳು ಬಾಗಿಲಲ್ಲಿ ನಿಂತು 'ಯಾರ್ರಿ?' ಎಂದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತು ಮರೆತುಹೋಯಿತು.

'ಶಿಗ್ಲಿಯಿಂದ ಬಂದೀನ್ರಿ' ಎಂದೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಒಳಗ ಬರ್ರಿ ಅನ್ನಾಕ ನನಗ ಬಾಯಿಲ್ಲ' ಎಂದಳು.

'ಹೊರಗನ ಕುಂಡರ್ತೀನಿ. ನಮ್ಮ ಅತ್ತಿ ಕಳಸ್ಯಾರ. ಕಣ್ಣಿಗೆ ಗದಗಿಗೆ ಹೋಗೂದೈತಿ. ತಯಾರಾಗ್ರಿ.' ನನ್ನ ದನಿ ಒರಟಾಗಿತ್ತು. ಮೆತ್ತಗೆ ಮಾತಾಡಲು ನನಗೆ ಬರಲಿಲ್ಲ.

ಕಣ್ಣಿನ ದವಾಖಾನೆಯಲ್ಲಿ ಕಾಗದ ತುಂಬುತ್ತಿದ್ದ ನರ್ಸು ಕೇಳಿದಳು: 'ನೀವು ಇವರಿಗೆ ಏನಾಗಬೇಕು?' ಹಿಂದೆ ಜನ ಕಾಯುತ್ತಿದ್ದರು. 'ಬಳಗದಾಕಿ' ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಳ್ಳಲಿಲ್ಲ.

ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರು. ಒಂದು ಕಣ್ಣಿನದು ಮೊದಲು, ಇನ್ನೊಂದಕ್ಕೆ ಮುಂದಿನ ತಿಂಗಳು ಬರಲು ಹೇಳಿದರು. ಅವಳು ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ, ಆಮೇಲೆ ನನ್ನನ್ನು ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು.

'ಇಷ್ಟು ಸಣ್ಣಾಕಿ ಅದೀಯೇನವ್ವಾ ನೀನು?' ಎಂದಳು. 'ಯವ್ವಾ, ಇಷ್ಟು ಸಣ್ಣಾಕಿ.' ಅಳಬಾರದು, ಹೊಲಿಗೆ ಬಿಚ್ಚುತ್ತದೆ ಎಂದು ನರ್ಸು ಗದರಿಸಿದಳು.

ಮುಂಡರಗಿಯ ಬಸ್ಸು ಹತ್ತಿಸುವಾಗ ಅವಳು ತಡೆದು ತಡೆದು ಕೇಳಿದಳು: 'ಮುಂದಿನ ವಾರ ಜೈಲಿಗೆ ಅವರನ್ನ ನೋಡಾಕ ಹೊಕ್ಕೀನಿ. ಏನಾರ ಹೇಳ್ಬೇಕೇನು?'

ಬಸ್ಸಿನ ಇಂಜಿನ್ನು ಶುರುವಾಗಿತ್ತು. ನಾನು ಗಟ್ಟಿಯಾಗಿ ಹೇಳಬೇಕಾಯಿತು. 'ಒದ್ದದ್ದನ್ನ ನಾ ಮರತಿಲ್ಲ ಅಂತ ಹೇಳ್ರಿ. ಮರಿಯೂದೂ ಇಲ್ಲ. ಆದ್ರ ನನ್ನ ಮನಸಿನ್ಯಾಗ ಹಗಿ ಇಲ್ಲ. ಅವರು ಹೊರಗ ಬಂದ ಮ್ಯಾಲ ನಮ್ಮನ್ನ ನೋಡಿ ದಾರಿ ಬಿಟ್ಟು ಹೋಗೂದು ಬ್ಯಾಡ. ಅಷ್ಟು ಹೇಳ್ರಿ.'

ಹೇಳಿದ ಮೇಲೆ, ನಾನೇ ಹೇಳಿದೆನೇ ಎಂದು ನನಗೇ ಬೆರಗಾಯಿತು. ಅದು ಪೂರ್ತಿ ಖರೆಯೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೆಲವು ದಿನ ಖರೆ ಅನಿಸುತ್ತದೆ. ಕೆಲವು ದಿನ ಮತ್ತೆ ಮೊದಲಿನಿಂದ ಕ್ಷಮಿಸಬೇಕಾಗುತ್ತದೆ.

ಮನೆಗೆ ಬಂದಾಗ ಮಗಳು ಪುಸ್ತಕ ಹರವಿಕೊಂಡು ಓದುತ್ತಿದ್ದಳು. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

'ಕಾಣ್ತೈತಂತ?' ಎಂದು ಕೇಳಿದರು.

'ಕಾಣ್ತೈತಂತ.'

'ಆತು. ಕೈಕಾಲು ತೊಳಕೊಂಡು ಬಾ, ಬಿಸಿ ಅದಾವು' ಎಂದು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡರು.